ಇಳಕಲ್ ಸೀರೆಯ ಕೆಂಪು ಅಚ್ಚಿನಲ್ಲಿ ಇಟ್ಟಿಗೆ ಬಣ್ಣವಾಯಿತು: ತಪ್ಪು ಫೋಟೋದ್ದೋ, ಫೈಲಿನದ್ದೋ, ಮುದ್ರಣದ್ದೋ?

ಸೆರಗಿನಂಚು · ಶನಿವಾರ, ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯ ಊರಾದ ಇಳಕಲ್ಲಿನಲ್ಲಿ ಕೆಲವು ನೇಕಾರ ಮನೆತನಗಳು ಒಟ್ಟಾಗಿ ತಮ್ಮ ಸೀರೆಗಳ 48 ಪುಟಗಳ ಕ್ಯಾಟಲಾಗ್ ಮಾಡಿಸಲು ಹೊರಟಿವೆ. ನನಗೆ ಫೋಟೋ ತೆಗೆಯುವ ಹುಚ್ಚು ಇದೆ ಎಂಬ ಒಂದೇ ಕಾರಣಕ್ಕೆ, ಚಿತ್ರ ತೆಗೆಯುವುದರಿಂದ ಹಿಡಿದು ಮುದ್ರಣಕ್ಕೆ ಫೈಲ್ ಕೊಡುವವರೆಗಿನ ಹೊಣೆಯನ್ನೆಲ್ಲ ನನ್ನ ಹೆಗಲಿಗೆ ಹಾಕಿದ್ದಾರೆ. ಮೊದಲ ಫಾರ್ಮ್, ಅಂದರೆ 16 ಪುಟಗಳು, ಸಾವಿರ ಪ್ರತಿ ಅಚ್ಚಾಗಿ ಹೋದ ವಾರ ಕೈಗೆ ಬಂದವು. ನೋಡಿದ ಕೂಡಲೇ ಉಳಿದ ಎರಡು ಫಾರ್ಮ್‌ಗಳನ್ನು ನಿಲ್ಲಿಸಿ ಎಂದು ಮುದ್ರಣಾಲಯಕ್ಕೆ ಫೋನ್ ಮಾಡಿದೆ.

ಟೋಪ್ ತೆನಿ ಸೆರಗಿನ ದಾಳಿಂಬೆ ಕೆಂಪು ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಗಿಳಿ ಹಸಿರಿನ ಒಡಲು ಬಾಡಿದ ಎಲೆಯಂತಾಗಿದೆ. ಗಾಢ ನೀಲಿ ಒಡಲಿನ ಸೀರೆಯಂತೂ ಸಂಪೂರ್ಣ ನೇರಳೆಯಾಗಿದೆ. ಇವೆಲ್ಲ ಸಾಲದೆಂಬಂತೆ ಎಲ್ಲ ಪುಟಗಳೂ ನನ್ನ ಪರದೆಯಲ್ಲಿ ಕಂಡದ್ದಕ್ಕಿಂತ ಒಂದು ಮಟ್ಟ ಕಪ್ಪಾಗಿವೆ. ಹಾಳೆಯನ್ನು ಕೈಯಲ್ಲಿ ಹಿಡಿದ ಹಿರಿಯ ನೇಕಾರರೊಬ್ಬರು, "ತಮ್ಮಾ, ಈ ಬಣ್ಣದ ನೂಲು ನಮ್ಮ ಮಗ್ಗದ ಮ್ಯಾಲೆ ಎಂದೂ ಏರಿಲ್ಲ" ಎಂದಷ್ಟೇ ಹೇಳಿ ಹಾಳೆಯನ್ನು ಮಡಚಿ ನನ್ನ ಕೈಗಿಟ್ಟರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

"ನೀವು ಕೊಟ್ಟ ಫೈಲ್ ಹೇಗಿತ್ತೋ ಹಾಗೆಯೇ ಬಂದಿದೆ" ಎಂಬುದು ಮುದ್ರಣಾಲಯದವರ ಉತ್ತರ. ಕ್ಯಾಮೆರಾದಲ್ಲಿ ಬಣ್ಣದ ಆಯ್ಕೆಯನ್ನು ಅಡೋಬಿ ಆರ್‌ಜಿಬಿ (ಕೆಂಪು, ಹಸಿರು, ನೀಲಿಗಳಲ್ಲಿ ಬಣ್ಣವನ್ನು ಬರೆಯುವ ಒಂದು ವ್ಯವಸ್ಥೆ) ಎಂದು ಇಟ್ಟಿದ್ದೆ. ಚಿತ್ರಗಳನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತಿದ್ದಿ, ಜೆಪೆಗ್ ಆಗಿ ಉಳಿಸಿ, ಪುಟಗಳಿಗೆ ಜೋಡಿಸಿ ಪಿಡಿಎಫ್ ಕೊಟ್ಟೆ. ಕಾಗದ 130 ಜಿಎಸ್‌ಎಂ ಮ್ಯಾಟ್ ಆರ್ಟ್ (ಹೊಳಪಿಲ್ಲದ ಲೇಪಿತ ಕಾಗದ). ಉಳಿದ 32 ಪುಟಗಳನ್ನಾದರೂ ಉಳಿಸಿಕೊಳ್ಳಲು ನಾನೀಗ ಏನು ಮಾಡಬೇಕು?

ತಲೆಹರಟೆ · ಬೆಳಿಗ್ಗೆ 9:52

ಕ್ಯಾಟಲಾಗ್ ಜೊತೆಗೆ ನಿಮ್ಮ ಲ್ಯಾಪ್‌ಟಾಪನ್ನೂ ಒಂದೊಂದು ಗಿರಾಕಿಗೆ ಕಳುಹಿಸಿಬಿಡಿ, ಬಣ್ಣ ಸರಿಯಾಗಿಯೇ ಕಾಣುತ್ತದೆ.

ಹಳೇ ಮಷಿನ್‌ಮ್ಯಾನ್ · ಬೆಳಿಗ್ಗೆ 10:15

ತಮಾಷೆ ಆಮೇಲೆ ಇರಲಿ. ನಾನು ಇಪ್ಪತ್ತಾರು ವರ್ಷ ಆಫ್‌ಸೆಟ್ ಯಂತ್ರದ ಮುಂದೆ ನಿಂತವನು. "ಫೈಲ್ ಹೇಗಿತ್ತೋ ಹಾಗೆ ಬಂದಿದೆ" ಎಂಬ ಮಾತನ್ನು ನಾನೂ ನೂರಾರು ಸಲ ಹೇಳಿದ್ದೇನೆ. ಅದರಲ್ಲಿ ಅರ್ಧದಷ್ಟು ಸಲ ಅದು ನಿಜವಾಗಿತ್ತು ಎಂದು ಈಗ ನಿವೃತ್ತನಾದ ಮೇಲೆ ಒಪ್ಪಿಕೊಳ್ಳುತ್ತೇನೆ.

ಪರದೆ ತಾನೇ ಬೆಳಕನ್ನು ಸೂಸುತ್ತದೆ. ಕಾಗದವಾದರೋ ಮೇಲೆ ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ಶಾಯಿಗೆ ನುಂಗಲು ಬಿಟ್ಟು, ಮಿಕ್ಕದ್ದನ್ನು ಹಿಂದಿರುಗಿಸುತ್ತದೆ. ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳು ಎಷ್ಟೇ ಚೆನ್ನಾಗಿ ಕುಳಿತರೂ ಪರದೆಯ ಕೆಲವು ಬಣ್ಣಗಳನ್ನು ಮುಟ್ಟಲಾರವು. ಅಚ್ಚು ಪರದೆಯಂತೆಯೇ ಬರಬೇಕೆಂದು ಕೇಳಿದರೆ ಯಾವ ಪ್ರೆಸ್ಸಿನವನೂ ಅದನ್ನು ಕೊಡಲಾರ. ನೀವು ಕೇಳಬಹುದಾದದ್ದು ಬೇರೆ: ಯಾವ ಬಣ್ಣ ಎಷ್ಟು ಕುಗ್ಗುತ್ತದೆ ಎಂಬುದು ಪ್ಲೇಟ್ ಆಗುವ ಮೊದಲೇ ನಮಗೆ ಗೊತ್ತಾಗಬೇಕು, ಕುಗ್ಗಿಸುವುದು ಹೇಗೆಂದು ನಾವೇ ನಿರ್ಧರಿಸಬೇಕು.

ಈಗ ನನ್ನ ಪ್ರಶ್ನೆಗಳು. ಮುದ್ರಣಾಲಯದವರು ಯಾವ ಪ್ರೊಫೈಲ್‌ಗೆ, ಅಂದರೆ ಫೈಲಿನ ಸಂಖ್ಯೆಗಳು ಯಾವ ಬಣ್ಣವೆಂದು ಹೇಳುವ ವಿವರಣೆಗೆ, ಫೈಲ್ ಬೇಕೆಂದು ಹೇಳಿದ್ದರೇ? ನೀವು ಬಣ್ಣಕ್ಕೆ ಖಾತರಿ ಇರುವ ಪ್ರೂಫ್ (ಅಚ್ಚಿಗೆ ಮುಂಚಿನ ಮಾದರಿ ಹಾಳೆ) ತೆಗೆಸಿ ಸಹಿ ಹಾಕಿದ್ದಿರೇ, ಅಥವಾ ಕಚೇರಿಯ ಲೇಸರ್ ಪ್ರಿಂಟರಿನಲ್ಲಿ ತೆಗೆದ ಹಾಳೆಯನ್ನೇ ಪ್ರೂಫ್ ಎಂದು ತೋರಿಸಿದರೇ?

ಮದುವೆ ಆಲ್ಬಂ · ಬೆಳಿಗ್ಗೆ 10:31

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾಗಿಲ್ಲ ಎಂಬುದು ನನ್ನ ಅನುಭವ. ಹನ್ನೆರಡು ವರ್ಷಗಳಿಂದ ಮದುವೆಯ ಆಲ್ಬಂಗಳನ್ನು ಲ್ಯಾಬಿಗೆ ಕಳುಹಿಸುತ್ತಿದ್ದೇನೆ. ಎಲ್ಲವೂ ಎಸ್‌ಆರ್‌ಜಿಬಿ (ಸಾಮಾನ್ಯ ಪರದೆಗಳ ಆರ್‌ಜಿಬಿ), ಎಲ್ಲವೂ ಜೆಪೆಗ್. ಧಾರೆ ಸೀರೆಯ ಕೆಂಪು, ಅರಿಶಿನದ ಹಳದಿ, ಮಾವಿನೆಲೆಯ ಹಸಿರು, ಯಾವುದರ ಬಗ್ಗೆಯೂ ಇದುವರೆಗೆ ದೂರು ಬಂದಿಲ್ಲ. ಆ ನಾಲ್ಕು ಶಾಯಿಗಳ ಸಿಎಂವೈಕೆ ಎಂಬ ಪದವನ್ನೇ ನಾನು ಬಳಸುವುದಿಲ್ಲ. ಎಲ್ಲವನ್ನೂ ಎಸ್‌ಆರ್‌ಜಿಬಿಗೆ ಬದಲಾಯಿಸಿ ಕೊಡಿ, ಮುಗಿಯಿತು.

ಪುಟವಿನ್ಯಾಸ · ಬೆಳಿಗ್ಗೆ 10:58

ಮದುವೆ ಆಲ್ಬಂ ಸರ್, ನಿಮ್ಮ ಮಾತು ನಿಮ್ಮ ಕೆಲಸಕ್ಕೆ ಸರಿ, ಇವರ ಕೆಲಸಕ್ಕೆ ಅನ್ವಯಿಸುವುದಿಲ್ಲ. ಸಾಮಾನ್ಯವಾಗಿ ಫೋಟೋ ಲ್ಯಾಬಿನ ಯಂತ್ರ ಬೆಳ್ಳಿಯ ಲವಣ ಲೇಪಿಸಿದ ಕಾಗದಕ್ಕೆ ಕೆಂಪು, ಹಸಿರು, ನೀಲಿ ಬೆಳಕನ್ನು ಹಾಯಿಸಿ, ಆಮೇಲೆ ರಾಸಾಯನಿಕದಲ್ಲಿ ಸಂಸ್ಕರಿಸುತ್ತದೆ. ಅಲ್ಲಿ ಆರ್‌ಜಿಬಿ ಫೈಲನ್ನು ಕೊಡುವುದೇ ಸರಿ, ಸಿಎಂವೈಕೆ ಕೊಟ್ಟರೆ ಕೆಡುವುದೇ ಹೆಚ್ಚು. ಆಫ್‌ಸೆಟ್‌ನಲ್ಲಿ ನಾಲ್ಕು ಪ್ಲೇಟ್, ನಾಲ್ಕು ಶಾಯಿ, ಚುಕ್ಕೆಗಳ ಲೆಕ್ಕ. ಆರ್‌ಜಿಬಿಯಿಂದ ಸಿಎಂವೈಕೆಗೆ ಎಲ್ಲಿಯಾದರೂ ಒಂದು ಕಡೆ ಬದಲಾವಣೆ ಆಗಲೇಬೇಕು. ಅದನ್ನು ನೀವು ಮಾಡದಿದ್ದರೆ ಮುದ್ರಣಾಲಯದ ಕಂಪ್ಯೂಟರ್ ಮಾಡುತ್ತದೆ, ನಿಮ್ಮನ್ನು ಕೇಳದೆಯೇ ಮಾಡುತ್ತದೆ.

ನಾನು ದಿನಪತ್ರಿಕೆಯೊಂದರಲ್ಲಿ ಪುಟ ಕಟ್ಟುತ್ತಿದ್ದೆ. ನ್ಯೂಸ್‌ಪ್ರಿಂಟ್‌ನಲ್ಲಿ ಒಂದೇ ಜಾಗಕ್ಕೆ ಬೀಳುವ ನಾಲ್ಕೂ ಶಾಯಿಗಳ ಒಟ್ಟು ಮೊತ್ತ 240% ದಾಟಬಾರದೆಂಬ ಮಿತಿ ನಮಗಿತ್ತು. ಒಳ್ಳೆಯ ಆರ್ಟ್ ಪೇಪರಿಗೆ ಅದೇ ಮಿತಿ 300ರಿಂದ 330%ರವರೆಗೆ ಹೋಗುತ್ತದೆ. ಕಾಗದ ಬದಲಾದರೆ ಲೆಕ್ಕವೇ ಬದಲಾಗುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ಮದುವೆ ಆಲ್ಬಂ · ಬೆಳಿಗ್ಗೆ 11:04

ಸರಿ, ಲ್ಯಾಬಿನ ಅನುಭವವನ್ನು ಪ್ರೆಸ್ಸಿಗೆ ಹೊಲಿಯಲು ಹೋದೆ, ಒಪ್ಪಿಕೊಂಡೆ. ಆದರೂ ಅಡೋಬಿ ಆರ್‌ಜಿಬಿಯಲ್ಲಿ ತೆಗೆದದ್ದೇ ಇವರ ಮೊದಲ ತಪ್ಪು ಎಂಬ ನನ್ನ ಮಾತನ್ನು ಬಿಡುವುದಿಲ್ಲ.

ಬೆಳಕುಬೇಟೆ · ಬೆಳಿಗ್ಗೆ 11:47

ತಪ್ಪು ಅಡೋಬಿ ಆರ್‌ಜಿಬಿಯದ್ದಲ್ಲ, ಅದರ ಗುರುತಿನ ಚೀಟಿ ಕಳೆದುಹೋದದ್ದರದ್ದು ಎಂದು ನನ್ನ ಅನುಮಾನ. ಫೋಟೋದ ಪ್ರತಿ ಚುಕ್ಕೆಯೂ ಮೂರು ಸಂಖ್ಯೆಗಳು ಮಾತ್ರ. ಆ ಸಂಖ್ಯೆಗಳ ಅರ್ಥವೇನೆಂದು ಹೇಳುವುದು ಫೈಲಿನೊಳಗೆ ಕುಳಿತಿರುವ ಐಸಿಸಿ ಪ್ರೊಫೈಲ್. ಎಸ್‌ಆರ್‌ಜಿಬಿಯ ಅಪ್ಪಟ ಕೆಂಪು 255, 0, 0. ಅದೇ ಕೆಂಪನ್ನು ಅಡೋಬಿ ಆರ್‌ಜಿಬಿಯಲ್ಲಿ ಬರೆದರೆ 219, 0, 0. ಪ್ರೊಫೈಲ್ ಬಿದ್ದುಹೋಗಿ ಮುಂದಿನ ಕಂಪ್ಯೂಟರ್ ಆ 219ನ್ನು ಎಸ್‌ಆರ್‌ಜಿಬಿಯ 219 ಎಂದು ಓದಿದರೆ ಕೆಂಪು ಅಲ್ಲಿಯೇ ಮಂಕಾಗುತ್ತದೆ. ಸೇರನ್ನು ಪಾವು ಎಂದು ಓದಿ ಅಕ್ಕಿ ಅಳೆದಂತೆ. ಇವೆರಡು ವ್ಯವಸ್ಥೆಗಳ ಮೂಲ ಕೆಂಪು ಮತ್ತು ಮೂಲ ನೀಲಿ ಒಂದೇ, ವ್ಯತ್ಯಾಸವಿರುವುದು ಮೂಲ ಹಸಿರಿನಲ್ಲಿ. ಹಾಗಾಗಿ ಇಂಥ ಎಡವಟ್ಟಿನಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಹಸಿರು. ನಿಮ್ಮ ಗಿಳಿ ಹಸಿರು ಬಾಡಿದ ಎಲೆಯಾದದ್ದು ಅದಕ್ಕೆ ಸರಿಯಾಗಿ ಹೊಂದುತ್ತದೆ.

ಆದರೆ ನೀಲಿ ನೇರಳೆಯಾದದ್ದಕ್ಕೆ ಇದು ಕಾರಣವಲ್ಲ. ಆಫ್‌ಸೆಟ್‌ನಲ್ಲಿ ಗಾಢ ನೀಲಿ ಬರುವುದು ಸಯಾನ್ ಮೇಲೆ ಮಜೆಂಟಾ ಬಿದ್ದಾಗ, ಎರಡೂ ಹೆಚ್ಚುಕಡಿಮೆ ಸಮನಾಗಿ ಬಿದ್ದರೆ ಕಣ್ಣಿಗೆ ಕಾಣುವುದು ನೇರಳೆಯೇ. ಪರದೆಯ ನೀಲಿಯನ್ನು ಸುಮ್ಮನೆ ಸಿಎಂವೈಕೆಗೆ ತಿರುಗಿಸಿದರೆ ಹಲವು ಸಲ ಹೀಗೇ ಆಗುತ್ತದೆ.

ಇನ್ನೊಂದು ಸಂಗತಿ. ಕಡುಗೆಂಪು ಸೀರೆಯನ್ನು ತೆಗೆಯುವಾಗ ಒಟ್ಟು ಬೆಳಕಿನ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿಯಾಗಿಯೇ ಕಂಡರೂ ಕೆಂಪು ಚಾನೆಲ್ ಒಂದೇ ತುಂಬಿ ಹರಿದಿರುತ್ತದೆ. ಕೆಂಪು ಮೇಲಕ್ಕೆ ಹೋಗಲಾರದೆ ನಿಂತು, ಹಸಿರು ಚಾನೆಲ್ ಮಾತ್ರ ಏರುತ್ತ ಹೋದರೆ ಕೆಂಪು ಕಿತ್ತಳೆಯತ್ತ ಜಾರುತ್ತದೆ, ನೇಯ್ಗೆಯ ಎಳೆಗಳೂ ಅಳಿಸಿಹೋಗುತ್ತವೆ. ಕ್ಯಾಮೆರಾದಲ್ಲಿ ಮೂರೂ ಚಾನೆಲ್‌ಗಳ ಹಿಸ್ಟೋಗ್ರಾಂ ನೋಡಿ, ಕೆಂಪು ಸೀರೆಗೆ ಅರ್ಧದಿಂದ ಮುಕ್ಕಾಲು ಸ್ಟಾಪ್ (ಕ್ಯಾಮೆರಾದ ಬೆಳಕಿನ ಅಳತೆ) ಕಡಿಮೆ ಬೆಳಕಿನಲ್ಲಿ ತೆಗೆಯುವುದು ನನ್ನ ರೂಢಿ. ವೈಟ್ ಬ್ಯಾಲೆನ್ಸ್, ಅಂದರೆ ಚಿತ್ರದಲ್ಲಿ ಯಾವುದು ಬಿಳಿ ಎಂಬ ಗುರುತನ್ನು, ಯಾವುದರ ಮೇಲೆ ತೆಗೆದುಕೊಂಡಿರಿ?

ಸೆರಗಿನಂಚು · ಮಧ್ಯಾಹ್ನ 1:20

ಬೆಳಕುಬೇಟೆ ಸರ್, ಈಗಷ್ಟೇ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಿದೆ. ನೀವು ಹೇಳಿದ್ದು ನಿಜ. ಕ್ಯಾಮೆರಾದಿಂದ ಬಂದ ಮೂಲ ಚಿತ್ರದಲ್ಲಿ ಪ್ರೊಫೈಲ್ ಇದೆ, ನಾನು ಉಳಿಸಿದ ಜೆಪೆಗ್‌ನಲ್ಲಿ ಇಲ್ಲ. ಉಳಿಸುವ ಕಿಟಕಿಯಲ್ಲಿ ಪ್ರೊಫೈಲ್ ಸೇರಿಸುವ ಚೌಕವೊಂದಿದೆ. ಫೈಲ್ ಸಣ್ಣದಾಗಲಿ ಎಂದು ಅದನ್ನು ಯಾವಾಗಲೋ ತೆಗೆದುಹಾಕಿದ್ದೆ. ಅದರಿಂದ ಉಳಿದದ್ದು ಕೆಲವೇ ನೂರು ಬೈಟ್ ಎಂದು ಈಗ ಗೊತ್ತಾಯಿತು.

ವೈಟ್ ಬ್ಯಾಲೆನ್ಸ್ ವಿಷಯಕ್ಕೆ ಬಂದರೆ, ಟೋಪ್ ತೆನಿ ಸೆರಗಿನಲ್ಲಿ ಕೆಂಪಿನ ನಡುವೆ ಬಿಳಿ ನೇಯ್ಗೆ ಬರುತ್ತದಲ್ಲ, ಅದಕ್ಕಿಂತ ಒಳ್ಳೆಯ ಬಿಳಿ ಎಲ್ಲಿ ಸಿಕ್ಕೀತು ಎಂದುಕೊಂಡು ಎಲ್ಲ ಚಿತ್ರಗಳಲ್ಲೂ ಅದರ ಮೇಲೆಯೇ ಒತ್ತಿದೆ.

ಮಷಿನ್‌ಮ್ಯಾನ್ ಸರ್, ಪ್ರೂಫ್ ಎಂದು ನನಗೆ ತೋರಿಸಿದ್ದು ಲೇಸರ್ ಪ್ರಿಂಟೇ. ಪ್ರೊಫೈಲ್ ಬಗ್ಗೆ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೆಳಕುಬೇಟೆ · ಮಧ್ಯಾಹ್ನ 1:34

ಕಳ್ಳ ಸಿಕ್ಕಿದ. ಕೆಂಪು ಎಳೆಗಳ ಮಧ್ಯೆ ಕುಳಿತ ಬಿಳಿ ಎಳೆ ಬಿಳಿಯಾಗಿ ಉಳಿಯುವುದಿಲ್ಲ, ಅಕ್ಕಪಕ್ಕದ ಕೆಂಪು ಅದರ ಮೇಲೆ ಚೆಲ್ಲಿರುತ್ತದೆ. ಅದನ್ನು ತಟಸ್ಥ ಬಿಳಿ ಎಂದು ಸಾಫ್ಟ್‌ವೇರಿಗೆ ಹೇಳಿದಿರಿ, ಅದು ಆ ಕೆಂಪಿನ ಛಾಯೆಯನ್ನು ಕಳೆಯಲು ಇಡೀ ಚಿತ್ರಕ್ಕೆ ಸಯಾನ್ ಬೆರೆಸಿತು. ನೇಕಾರರ ಕೆಂಪನ್ನು ಪ್ರೆಸ್ಸಿಗೆ ಹೋಗುವ ಮೊದಲೇ ನೀವೇ ತೆಗೆದುಹಾಕಿದ್ದೀರಿ. ಮುಂದಿನ ಸಲ ಪ್ರತಿ ಬೆಳಕಿನಲ್ಲೂ ಮೊದಲ ಚಿತ್ರದಲ್ಲಿ ಒಂದು ಬೂದು ಕಾರ್ಡ್ ಇಟ್ಟು ತೆಗೆಯಿರಿ. 24 ಬಣ್ಣದ ಚೌಕಗಳ ಕಲರ್‌ಚೆಕರ್ ಸಿಕ್ಕರೆ ಇನ್ನೂ ಒಳ್ಳೆಯದು, ಅದರಿಂದ ನಿಮ್ಮ ಕ್ಯಾಮೆರಾಕ್ಕೇ ಒಂದು ಪ್ರೊಫೈಲ್ ಮಾಡಿಕೊಳ್ಳಬಹುದು. ಮೂಲ ರಾ ಫೈಲುಗಳನ್ನು (ಕ್ಯಾಮೆರಾ ತಿದ್ದದೆ ಉಳಿಸಿದ ಚಿತ್ರಗಳನ್ನು) ಇಟ್ಟುಕೊಂಡಿದ್ದೀರಾ?

ಸೆರಗಿನಂಚು · ಮಧ್ಯಾಹ್ನ 1:36

ದೇವರ ದಯೆ, ಇಟ್ಟುಕೊಂಡಿದ್ದೇನೆ.

ಚಿಕ್ಕಪೇಟೆ ಸೊಸೆ · ಮಧ್ಯಾಹ್ನ 2:10

ನಾನು ಫೋಟೋದವಳೂ ಅಲ್ಲ, ಪ್ರೆಸ್ಸಿನವಳೂ ಅಲ್ಲ. ನಮ್ಮದು ಸೀರೆ ಅಂಗಡಿ. ಯಾವ ಹೆಣ್ಣುಮಗಳೂ ಅಂಗಡಿಯ ಒಳಗಿನ ದೀಪದಲ್ಲಿ ಬಣ್ಣ ನೋಡಿ ಸೀರೆ ಕೊಳ್ಳುವುದಿಲ್ಲ ಎಂಬುದನ್ನು ನೀವೆಲ್ಲ ಮರೆತಂತಿದೆ. ಸೆರಗು ಹಿಡಿದು ಬಾಗಿಲವರೆಗೆ ನಡೆದು, ಬೀದಿಯ ಬೆಳಕಿಗೆ ಒಡ್ಡಿ, ಹೊಂದಿಸಬೇಕಾದ ರವಿಕೆ ಕಣವನ್ನು ಅದರ ಮೇಲಿಟ್ಟು ನೋಡುತ್ತಾರೆ. ಟ್ಯೂಬ್‌ಲೈಟಿನ ಕೆಳಗೆ ಒಂದಕ್ಕೊಂದು ಹೊಂದಿದ ಸೀರೆ ಮತ್ತು ರವಿಕೆ ಹೊರಗೆ ಬಂದಾಗ ಬೇರೆ ಬೇರೆಯಾಗುವುದನ್ನು ನಾನು ದಿನವೂ ನೋಡುತ್ತೇನೆ.

ಸೆರಗಿನಂಚು ಅವರೇ, ನೀವು ಅಚ್ಚಾದ ಹಾಳೆಯನ್ನು ಮತ್ತು ಸೀರೆಯನ್ನು ಯಾವ ಬೆಳಕಿನಲ್ಲಿ ಹೋಲಿಸಿದಿರಿ? ಹಿರಿಯರು ಎಲ್ಲಿ ಕುಳಿತು ನೋಡಿದರು? ಗುಂಡಿ ಮಗ್ಗದ ಕತ್ತಲ ಕೋಣೆಯಲ್ಲಿ ಒಂದು ಎಲ್‌ಇಡಿ ಬಲ್ಬಿನ ಕೆಳಗೆ ನೋಡಿದ್ದರೆ ಅರ್ಧ ಜಗಳ ಆ ಬಲ್ಬಿನದ್ದಿರಬಹುದು.

ಮ್ಯೂನಿಕ್ ಕನ್ನಡಿಗ · ಮಧ್ಯಾಹ್ನ 2:48

ಚಿಕ್ಕಪೇಟೆ ಮೇಡಂ ಹೇಳಿದ್ದನ್ನೇ ಮುದ್ರಣ ಲೋಕ ಐಎಸ್‌ಒ 3664 ಎಂಬ ಮಾನಕವಾಗಿ ಬರೆದಿಟ್ಟಿದೆ. 5000 ಕೆಲ್ವಿನ್‌ನ ಡಿ50 ಬೆಳಕು, ಸೂಕ್ಷ್ಮ ಹೋಲಿಕೆಗೆ 2000 ಲಕ್ಸ್, ಸಾಮಾನ್ಯ ವೀಕ್ಷಣೆಗೆ 500 ಲಕ್ಸ್. ಒಂದು ಬೆಳಕಿನಲ್ಲಿ ಹೊಂದಿ ಇನ್ನೊಂದರಲ್ಲಿ ಬೇರೆಯಾಗುವುದಕ್ಕೆ ಮೆಟಾಮೆರಿಸಂ ಎನ್ನುತ್ತಾರೆ. ನೂಲಿಗೆ ಹಾಕುವ ಬಣ್ಣ ಬೇರೆ, ಮುದ್ರಣದ ಶಾಯಿ ಬೇರೆ ಆಗಿರುವುದರಿಂದ ಸೀರೆ ಮತ್ತು ಅಚ್ಚಿನ ನಡುವೆ ಇದು ತಪ್ಪಿದ್ದಲ್ಲ. ಎಲ್ಲ ಬೆಳಕಿನಲ್ಲೂ ಹೊಂದಿಸಲು ಆಗುವುದಿಲ್ಲ. ಒಂದು ಬೆಳಕನ್ನು ಆರಿಸಿಕೊಂಡು ಅದರಲ್ಲಿ ಹೊಂದಿಸಬೇಕು, ಅಷ್ಟೆ. ಡಿ50 ಪೆಟ್ಟಿಗೆ ಇಲ್ಲದವರು ನೇರ ಬಿಸಿಲು ಬೀಳದ ಕಿಟಕಿಯ ಬಳಿ ಮಧ್ಯಾಹ್ನದ ಹೊತ್ತು ನೋಡಬಹುದು.

ಪ್ರೊಫೈಲ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ಅನ್ನ ಅದರಲ್ಲಿಯೇ ಇದೆ. ಇಲ್ಲಿ ಮ್ಯೂನಿಕ್ ಬಳಿ ಇರುವ ಫೋಗ್ರಾ ಎಂಬ ಸಂಶೋಧನಾ ಸಂಸ್ಥೆ ಆಫ್‌ಸೆಟ್ ಮುದ್ರಣದ ಅಳತೆಗಳನ್ನು ಪ್ರಕಟಿಸುತ್ತದೆ. ಆರ್ಟ್ ಪೇಪರಿಗೆ ಹಳೆಯದು ಫೋಗ್ರಾ 39, ಹೊಸದು ಫೋಗ್ರಾ 51. ಇವುಗಳ ಆಧಾರದ ಮೇಲೆ ಮಾಡಿದ ಐಎಸ್‌ಒ ಕೋಟೆಡ್ ವಿ2 ಮತ್ತು ಪಿಎಸ್‌ಒ ಕೋಟೆಡ್ ವಿ3 ಪ್ರೊಫೈಲ್‌ಗಳನ್ನು ಯುರೋಪಿನ ಬಣ್ಣ ಪರಿಣತರ ಕೂಟವಾದ ಇಸಿಐ ಉಚಿತವಾಗಿ ಕೊಡುತ್ತದೆ. ಹೊಸ ಅಳತೆ ಏಕೆ ಬೇಕಾಯಿತೆಂದರೆ, ಇಂದಿನ ಆರ್ಟ್ ಪೇಪರುಗಳಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಬಹಳಷ್ಟಿರುತ್ತದೆ. ಅತಿನೇರಳೆ ಕಿರಣ ಬಿದ್ದರೆ ಅದು ನೀಲಿಯಾಗಿ ಹೊಳೆಯುತ್ತದೆ, ಹಳೆಯ ಅಳತೆಗಳು ಅದನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಆದರೆ ಫೋಗ್ರಾ ಹೆಸರು ಕೇಳಿದ ಕೂಡಲೇ ಅದನ್ನು ಹಾಕಿಬಿಡಬೇಡಿ. ನಿಮ್ಮ ಮುದ್ರಣಾಲಯ ಯಾವ ಮಾನಕಕ್ಕೆ ಯಂತ್ರವನ್ನು ಹೊಂದಿಸಿದೆ ಎಂಬುದೇ ಮುಖ್ಯ. ಫೋಟೋಶಾಪ್‌ನ ಉತ್ತರ ಅಮೆರಿಕದ ಮೂಲ ಸೆಟ್ಟಿಂಗ್‌ನಲ್ಲಿ ಸಿಎಂವೈಕೆ ಎಂದರೆ ಅಲ್ಲಿನ ವೆಬ್ (ಸುರುಳಿ ಕಾಗದದ) ಮುದ್ರಣದ ಎಸ್‌ಡಬ್ಲ್ಯುಒಪಿ ಪ್ರೊಫೈಲ್. ನಮ್ಮ ಎಷ್ಟೋ ಜನ ಅದನ್ನು ಬದಲಾಯಿಸದೆ, ಅಮೆರಿಕದ ನಿಯತಕಾಲಿಕೆಗೆಂದು ಮಾಡಿದ ಲೆಕ್ಕವನ್ನು ಬಿಡಿ ಹಾಳೆ ಓಡುವ ಬೆಂಗಳೂರಿನ ಶೀಟ್‌ಫೆಡ್ ಯಂತ್ರಕ್ಕೆ ಕಳುಹಿಸುತ್ತಾರೆ.

ತಲೆಹರಟೆ · ಮಧ್ಯಾಹ್ನ 3:05

ಪರದೆ ಅಳೆಯುವ ಯಂತ್ರ, ಬಣ್ಣದ ಕಾರ್ಡ್, ಬೆಳಕಿನ ಪೆಟ್ಟಿಗೆ, ಎಲ್ಲವನ್ನೂ ಕೊಂಡ ಮೇಲೆ ಕ್ಯಾಟಲಾಗ್ ಅಚ್ಚು ಹಾಕಿಸಲು ದುಡ್ಡು ಉಳಿದಿರುತ್ತದೆಯೇ? ಇವೆಲ್ಲ ಮಾರುವವರ ಉಪಾಯಗಳು. ನಮ್ಮ ತಾತನ ಕಾಲದ ಕ್ಯಾಲೆಂಡರುಗಳಲ್ಲಿ ಬಣ್ಣ ಇರಲಿಲ್ಲವೇ?

ಲಿನಕ್ಸ್ ಪ್ರೇಮಿ · ಮಧ್ಯಾಹ್ನ 3:40

ತಾತನ ಕಾಲದಲ್ಲಿ ಚಿತ್ರ ತಿದ್ದುವವನು ಪರದೆಯನ್ನು ನಂಬಿರಲಿಲ್ಲ, ಅಚ್ಚಿನ ಹಾಳೆಯನ್ನೇ ನೋಡುತ್ತಿದ್ದ. ಪರದೆಯನ್ನು ನಂಬುವವನು ಅದು ನಂಬಲರ್ಹವೇ ಎಂದು ನೋಡಲೇಬೇಕಲ್ಲವೇ?

ಸೆರಗಿನಂಚು ಅವರು ತಮ್ಮ ಲ್ಯಾಪ್‌ಟಾಪಿನ ವಿವರಗಳಲ್ಲಿ ಪರದೆಯ ಬಣ್ಣದ ವ್ಯಾಪ್ತಿ ಎಷ್ಟೆಂದು ನೋಡಲಿ. ಕಡಿಮೆ ಬೆಲೆಯ ಅನೇಕ ಲ್ಯಾಪ್‌ಟಾಪುಗಳಲ್ಲಿ ಎನ್‌ಟಿಎಸ್‌ಸಿ ಎಂಬ ಹಳೆಯ ಟಿವಿ ಮಾನಕದ 45% ಎಂದಿರುತ್ತದೆ. ಅದು ಎಸ್‌ಆರ್‌ಜಿಬಿಯ ಮೂರರಲ್ಲಿ ಎರಡು ಪಾಲಿಗೂ ಸ್ವಲ್ಪ ಕಡಿಮೆ. ಅಡೋಬಿ ಆರ್‌ಜಿಬಿಯ ಚಿತ್ರವನ್ನು ಅಂಥ ಪರದೆಯಲ್ಲಿ ತಿದ್ದುವುದೆಂದರೆ ಕಿಂಡಿಯಲ್ಲಿ ತೇರು ನೋಡಿದಂತೆ. ಅತ್ತ ನೇಕಾರರು ವಾಟ್ಸಾಪ್‌ನಲ್ಲಿ ಚಿತ್ರಗಳನ್ನು ನೋಡಿದ ಫೋನಿನ ಪರದೆ ಬಣ್ಣಗಳನ್ನು ಉಬ್ಬಿಸಿ ತೋರಿಸುವ ಸ್ಥಿತಿಯಲ್ಲಿ ಇದ್ದಿರಬಹುದು. ಒಂದೇ ಸೀರೆಗೆ ಆಗಲೇ ಮೂರು ಬಣ್ಣ.

ಅಚ್ಚು ಕಪ್ಪಾಗಿ ಬಂದದ್ದಕ್ಕೆ ಮುಖ್ಯ ಕಾರಣ ಪರದೆಯ ಪ್ರಖರತೆ. ಮುದ್ರಣದ ಕೆಲಸಕ್ಕೆ ಪ್ರತಿ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಸಾಕು. ನಮ್ಮಲ್ಲಿ ಎಲ್ಲರೂ ಅದನ್ನು ತುದಿಗೇರಿಸಿ ಇಟ್ಟುಕೊಂಡಿರುತ್ತಾರೆ. ದುಡ್ಡಿಲ್ಲದೆ ಆಗುವ ಒಂದು ಉಪಾಯ: ಒಳ್ಳೆಯ ಬೆಳಕಿನಲ್ಲಿ ಪರದೆಯ ಪಕ್ಕಕ್ಕೆ ನೀವು ಅಚ್ಚು ಹಾಕಿಸುವ ಖಾಲಿ ಕಾಗದವನ್ನೇ ಹಿಡಿದು, ಪರದೆಯ ಬಿಳಿ ಆ ಕಾಗದದ ಬಿಳಿಯಷ್ಟೇ ಕಾಣುವವರೆಗೆ ಪ್ರಖರತೆಯನ್ನು ಇಳಿಸಿ. ಅಳೆಯುವ ಸಾಧನವನ್ನು ಗೆಳೆಯರಿಂದ ಒಂದು ದಿನಕ್ಕೆ ಎರವಲು ತರಬಹುದು. ಅದನ್ನು ನಡೆಸಲು ಆರ್ಗಿಲ್ ಸಿಎಂಎಸ್ ಮತ್ತು ಡಿಸ್‌ಪ್ಲೇಕಾಲ್ ಉಚಿತವಾಗಿವೆ. ಡಾರ್ಕ್‌ಟೇಬಲ್ ಮತ್ತು ಗಿಂಪ್‌ನಲ್ಲಿ ಸಾಫ್ಟ್ ಪ್ರೂಫ್ (ಅಚ್ಚು ಹೇಗೆ ಬಂದೀತೆಂದು ಪರದೆಯಲ್ಲೇ ತೋರಿಸುವ ಸೌಲಭ್ಯ) ಇದೆ, ಸ್ಕ್ರೈಬಸ್‌ನಲ್ಲಿ ಪುಟ ಕಟ್ಟಿ ಸಿಎಂವೈಕೆ ಪಿಡಿಎಫ್ ತೆಗೆಯಬಹುದು. ತಲೆಹರಟೆ ಅವರಿಗೆ ಲೆಕ್ಕ ಬೇಕಿದ್ದರೆ, ಒಟ್ಟು ಖರ್ಚು ಸೊನ್ನೆ.

ಪುಟವಿನ್ಯಾಸ · ಸಂಜೆ 4:15

ಸಾಫ್ಟ್ ಪ್ರೂಫ್ ನೋಡುವಾಗ ಕಾಗದದ ಬಿಳುಪನ್ನು ತೋರಿಸುವ ಆಯ್ಕೆಯನ್ನು ಹಾಕಿಕೊಳ್ಳಿ. ಚಿತ್ರ ಒಮ್ಮೆಲೇ ಸೊರಗಿದಂತೆ ಕಾಣುತ್ತದೆ, ಗಾಬರಿಯಾಗಬೇಡಿ, ಸತ್ಯ ಅದೇ. ಅದನ್ನು ಹಾಕುವ ಕ್ಷಣದಲ್ಲಿ ಬೇರೆಡೆ ನೋಡಿ, ಅರ್ಧ ನಿಮಿಷ ಬಿಟ್ಟು ಪರದೆಯತ್ತ ತಿರುಗಿದರೆ ಕಣ್ಣು ಹೊಂದಿಕೊಳ್ಳುತ್ತದೆ.

ಆರ್‌ಜಿಬಿಯಿಂದ ಸಿಎಂವೈಕೆಗೆ ಬದಲಾಯಿಸುವ ವಿಧಾನಕ್ಕೆ ರಿಲೇಟಿವ್ ಕಲರಿಮೆಟ್ರಿಕ್ ಆರಿಸಿ, ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಶನ್ (ಚಿತ್ರದ ಕಪ್ಪನ್ನು ಅಚ್ಚಿನ ಕಪ್ಪಿಗೆ ಹೊಂದಿಸುವ ಆಯ್ಕೆ) ಹಾಕಿ. ಶಾಯಿಗೆ ಸಿಗುವ ಬಣ್ಣಗಳನ್ನು ಆ ವಿಧಾನ ಇದ್ದಂತೆಯೇ ಇಟ್ಟು, ಸಿಗದವನ್ನು ಮಾತ್ರ ಅಂಚಿಗೆ ತಳ್ಳುತ್ತದೆ.

ಬೆಳಕುಬೇಟೆ · ಸಂಜೆ 4:22

ಸೀರೆಗೆ ಅದನ್ನು ನಾನು ಒಪ್ಪುವುದಿಲ್ಲ. ಅಂಚಿಗೆ ತಳ್ಳಿದಾಗ ದಾಳಿಂಬೆ ಕೆಂಪಿನ ಹತ್ತು ಛಾಯೆಗಳು ಒಂದೇ ಛಾಯೆಯಾಗಿ ಬಿಡುತ್ತವೆ, ಮಡಿಕೆ ಕಾಣುವುದಿಲ್ಲ, ನೇಯ್ಗೆ ಕಾಣುವುದಿಲ್ಲ, ಕೆಂಪು ಬಣ್ಣ ಬಳಿದ ಗೋಡೆಯಂತಾಗುತ್ತದೆ. ಪರ್ಸೆಪ್ಚುವಲ್ ವಿಧಾನ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕುಗ್ಗಿಸಿದರೂ ಛಾಯೆಗಳ ನಡುವಿನ ಅಂತರವನ್ನು ಉಳಿಸುತ್ತದೆ.

ಪುಟವಿನ್ಯಾಸ · ಸಂಜೆ 4:30

ಆಗ ರೂಪದರ್ಶಿಯ ಮೈಬಣ್ಣವೂ ಕುಗ್ಗುತ್ತದೆಯಲ್ಲ! ಪ್ರತಿ ಚಿತ್ರಕ್ಕೂ ಎರಡೂ ವಿಧಾನದಲ್ಲಿ ನೋಡಿ ಆರಿಸಲಿ ಎಂಬಲ್ಲಿಗೆ ನಾವಿಬ್ಬರೂ ನಿಲ್ಲೋಣ.

ಕೆಂಪು ಹಸಿರು · ಸಂಜೆ 5:02

ಇಲ್ಲಿ ಯಾರೂ ಸಂಖ್ಯೆಗಳ ಬಗ್ಗೆ ಹೇಳುತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನಗೆ ಕೆಂಪು ಮತ್ತು ಹಸಿರಿನ ನಡುವೆ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಆದರೂ ಒಂಬತ್ತು ವರ್ಷಗಳಿಂದ ಪ್ರಿ-ಪ್ರೆಸ್ (ಅಚ್ಚಿಗೆ ಫೈಲ್ ಸಿದ್ಧಪಡಿಸುವ) ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ, ಏಕೆಂದರೆ ನಾನು ಕಣ್ಣನ್ನು ನಂಬದೆ ಅಂಕಿಗಳನ್ನು ಓದುತ್ತೇನೆ. ಕೂದಲಿಗೂ ನೆರಳಿಗೂ ಒಟ್ಟು ಶಾಯಿ ಎಷ್ಟು, ಬೂದು ಇರಬೇಕಾದ ಕಡೆ ಸಯಾನ್ ಮಿಕ್ಕೆರಡಕ್ಕಿಂತ ತುಸು ಹೆಚ್ಚಿದೆಯೇ, ಕೆಂಪು ಸೆರಗಿನಲ್ಲಿ ಸಯಾನ್ ಎಷ್ಟು ನುಸುಳಿದೆ, ಇವನ್ನು ಮಾಹಿತಿ ಫಲಕದಲ್ಲಿ ನೋಡಬಹುದು. ಅಪ್ಪಟ ಕೆಂಪು ಬೇಕಾದ ಜಾಗದಲ್ಲಿ ಮಜೆಂಟಾ ಮತ್ತು ಹಳದಿ ತುಂಬಿದ್ದು ಸಯಾನ್ 20% ಇದ್ದರೆ ಆ ಕೆಂಪು ಇಟ್ಟಿಗೆಯಾಗುತ್ತದೆ. ನೀಲಿಯಲ್ಲಿ ಮಜೆಂಟಾವನ್ನು ಸಯಾನ್‌ಗಿಂತ ಕನಿಷ್ಠ 30% ಕಡಿಮೆ ಇಡಿ, ನೇರಳೆಯ ಕಾಟ ತಪ್ಪುತ್ತದೆ. ಚೆನ್ನಾಗಿ ಬಣ್ಣ ಕಾಣುವ ನಿಮ್ಮಂಥವರೇ ಹೆಚ್ಚು ಮೋಸಹೋಗುತ್ತೀರಿ ಎಂಬುದು ನನ್ನ ನಮ್ರ ಅಭಿಪ್ರಾಯ.

ಹಳೇ ಮಷಿನ್‌ಮ್ಯಾನ್ · ಸಂಜೆ 6:20

ಕೊನೆಯ ಮಾತಿಗೆ ನನ್ನದೊಂದು ನಮಸ್ಕಾರ. ಇಷ್ಟು ಹೊತ್ತು ಫೈಲಿನ ಮಾತಾಯಿತು, ಈಗ ಯಂತ್ರದ ಮಾತು.

ಒಂದು ದೊಡ್ಡ ಹಾಳೆಯ ಒಂದು ಮಗ್ಗುಲಲ್ಲಿ ಎಂಟು ಪುಟಗಳು ಕೂರುತ್ತವೆ. ಶಾಯಿಯ ಕೀಲಿಗಳು ಹಾಳೆಯ ಅಗಲಕ್ಕೆ ಸಾಲಾಗಿ ಇರುತ್ತವೆ. ಒಂದು ಕೀಲಿಯನ್ನು ತೆರೆದರೆ ಆ ಪಟ್ಟಿಯಲ್ಲಿ ಹಿಂದೆ ಮುಂದೆ ಇರುವ ಎಲ್ಲ ಪುಟಗಳಿಗೂ ಶಾಯಿ ಹೆಚ್ಚುತ್ತದೆ. ಬಹಳ ವರ್ಷಗಳ ಹಿಂದೆ ಒಂದು ಆಭರಣದ ಕ್ಯಾಟಲಾಗ್ ಓಡಿಸುತ್ತಿದ್ದಾಗ ಗಿರಾಕಿ ಪಕ್ಕದಲ್ಲಿ ನಿಂತು, "ಈ ಮಾಣಿಕ್ಯ ಇನ್ನೂ ಕೆಂಪಾಗಲಿ" ಎಂದರು. ಮಜೆಂಟಾ ಏರಿಸಿದೆ, ಮಾಣಿಕ್ಯ ಕೆಂಪಾಯಿತು. ಅದೇ ಸಾಲಿನ ಮುಂದಿನ ಪುಟದಲ್ಲಿದ್ದ ಮದುಮಗಳ ಮುಖ ಜ್ವರ ಬಂದಂತೆ ಕೆಂಪೇರಿತು. ಮುಖಕ್ಕಾಗಿ ಇಳಿಸಿದೆ, ಮಾಣಿಕ್ಯ ಸತ್ತುಹೋಯಿತು. ಹೀಗೆ ಏರಿಸಿ ಇಳಿಸಿ ಆರುನೂರು ಹಾಳೆ ಕಸದ ಬುಟ್ಟಿಗೆ ಹೋದವು. ಯಂತ್ರದ ಮುಂದೆ ಬಣ್ಣ ತಿದ್ದುವುದು ಕಡೆಯ ಉಪಾಯ, ಅದನ್ನೇ ಮೊದಲ ಉಪಾಯ ಮಾಡಿಕೊಳ್ಳಬೇಡಿ. ಕಡುಗೆಂಪು ಸೀರೆಗಳೆಲ್ಲ ಒಂದೇ ಸಾಲಿಗೆ ಬರುವಂತೆ ಪುಟಗಳನ್ನು ಜೋಡಿಸಲು ಸಾಧ್ಯವೇ ಎಂದು ಮುದ್ರಣಾಲಯದವರನ್ನು ಈಗಲೇ ಕೇಳಿ.

ಹಾಗೆಯೇ ಆಗತಾನೇ ಯಂತ್ರದಿಂದ ಬಂದ ಹಸಿ ಹಾಳೆಯನ್ನು ನೋಡಿ ಮೋಸಹೋಗಬೇಡಿ. ಒಣಗಿದ ಮೇಲೆ, ಅದರಲ್ಲೂ ಮ್ಯಾಟ್ ಕಾಗದದಲ್ಲಿ, ಹೊಳಪು ಇಳಿದು ಬಣ್ಣ ಒಂದು ಮಟ್ಟ ಕುಗ್ಗುತ್ತದೆ.

ಚಿತ್ತಾರ · ರಾತ್ರಿ 8:11

ನಾಲ್ಕು ಶಾಯಿಗೆ ಸಿಗದ ಬಣ್ಣಕ್ಕೆ ಐದನೆಯ ಪ್ಲೇಟ್ ಏಕೆ ಹಾಕಬಾರದು? ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದಾಗ ಅಲ್ಲಿ ನಡೆಯುತ್ತಿದ್ದುದು ಕಲ್ಲಚ್ಚು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಚಿತ್ರಕ್ಕೆ ಬೇಕಾದಷ್ಟು ಬಣ್ಣ, ಬಣ್ಣಕ್ಕೆ ಬೇಕಾದಷ್ಟು ಕಲ್ಲು. ನಾವು ನಾಲ್ಕಕ್ಕೆ ಇಳಿದು ಬಡವರಾದೆವು.

ಹಳೇ ಮಷಿನ್‌ಮ್ಯಾನ್ · ರಾತ್ರಿ 8:40

ಹಾಕಬಹುದು, ಐದು ಬಣ್ಣದ ಯಂತ್ರಗಳೂ ಇವೆ. ಆದರೆ ಫೋಟೋದಲ್ಲಿ ಐದನೆಯ ಬಣ್ಣ ಎಲ್ಲಿ, ಎಷ್ಟು ಬೀಳಬೇಕೆಂದು ಪ್ರತಿ ಚಿತ್ರಕ್ಕೂ ಕೈಯಿಂದ ಬಿಡಿಸಬೇಕು, ಪ್ಲೇಟಿನ ಖರ್ಚೂ ಏರುತ್ತದೆ. ರಾಣಿ ಬಣ್ಣಕ್ಕಾಗಿ ಮಜೆಂಟಾದಲ್ಲಿ ಸ್ವಲ್ಪ ಫ್ಲೋರೊಸೆಂಟ್ ಗುಲಾಬಿ ಬೆರೆಸುವವರೂ ಇದ್ದಾರೆ. ಅಚ್ಚು ಕಣ್ಣು ಕೋರೈಸುತ್ತದೆ, ಆದರೆ ಅಂಥ ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ. ಗೋಡೆಯ ಕ್ಯಾಲೆಂಡರಿಗೆ ಆದೀತು, ಅಂಗಡಿಯ ಕಿಟಕಿಯಲ್ಲಿ ವರ್ಷಗಟ್ಟಲೆ ಕೂರುವ ಕ್ಯಾಟಲಾಗಿಗೆ ಬೇಡ.

ಸೆರಗಿನಂಚು · ಮುಂದಿನ ಭಾನುವಾರ, ಬೆಳಿಗ್ಗೆ 10:05

ಒಂದು ವಾರ ತಡವಾಗಿ ಬರುತ್ತಿದ್ದೇನೆ, ಕ್ಷಮಿಸಿ. ಮುದ್ರಣಾಲಯಕ್ಕೆ ಖುದ್ದಾಗಿ ಹೋಗಿದ್ದೆ. ಪ್ರಿ-ಪ್ರೆಸ್‌ನಲ್ಲಿ ಕುಳಿತ ಹುಡುಗ ಒಳ್ಳೆಯವನು, ಇದುವರೆಗೆ ಯಾರೂ ಅವನನ್ನು ಪ್ರೊಫೈಲ್ ಕೇಳಿರಲಿಲ್ಲವಂತೆ. ಅವರ ಯಂತ್ರ ಫೋಗ್ರಾ 39ಕ್ಕೆ ಹೊಂದಿಕೊಂಡಿದೆ, ಪ್ರೊಫೈಲ್ ಇಲ್ಲದ ಆರ್‌ಜಿಬಿ ಚಿತ್ರವನ್ನು ಅವರ ವ್ಯವಸ್ಥೆ ಎಸ್‌ಆರ್‌ಜಿಬಿ ಎಂದೇ ಭಾವಿಸುತ್ತದೆ ಎಂದು ಒಪ್ಪಿಕೊಂಡ.

ರಾ ಫೈಲುಗಳಿಂದ ಮತ್ತೆ ಮೊದಲಿನಿಂದ ಶುರುಮಾಡಿದೆ. ಬೂದು ಕಾರ್ಡ್ ಇಲ್ಲದ ಚಿತ್ರಗಳಿಗೆ, ಹಿನ್ನೆಲೆಯ ಸುಣ್ಣದ ಗೋಡೆಯ ಒಂದು ಮೂಲೆಯನ್ನು ಆಧಾರವಾಗಿ ತೆಗೆದುಕೊಂಡೆ, ಅದು ಸೆರಗಿಗಿಂತ ಎಷ್ಟೋ ವಾಸಿ. ಲ್ಯಾಪ್‌ಟಾಪನ್ನು ಬಿಟ್ಟು, ಗೆಳೆಯನ ಅಳೆದ ಪರದೆಯಲ್ಲಿ ಎರಡು ರಾತ್ರಿ ಕುಳಿತೆ. ಕೆಂಪು ಚಿತ್ರಗಳಿಗೆ ಪರ್ಸೆಪ್ಚುವಲ್, ಉಳಿದವಕ್ಕೆ ರಿಲೇಟಿವ್ ಇಟ್ಟುಕೊಂಡೆ, ಇಬ್ಬರೂ ಗೆದ್ದಿರಿ. ನೀಲಿ ಒಡಲಿನಲ್ಲಿ ಮಜೆಂಟಾವನ್ನು ಇಳಿಸಿದೆ. ನಾಲ್ಕು ಕಠಿಣ ಚಿತ್ರಗಳನ್ನು ಆರಿಸಿ, ಫೋಗ್ರಾ 39ಕ್ಕೆ ಹೊಂದಿಸಿದ ಇಂಕ್‌ಜೆಟ್‌ನಲ್ಲಿ ಪ್ರೂಫ್ ತೆಗೆಸಿ ಇಳಕಲ್ಲಿಗೆ ಒಯ್ದೆ. ಚಿಕ್ಕಪೇಟೆ ಮೇಡಂ ಹೇಳಿದಂತೆ ಮನೆಯ ಪಡಸಾಲೆಯಿಂದ ಬಾಗಿಲಿಗೆ ಬಂದು, ಸೀರೆಯನ್ನೂ ಪ್ರೂಫನ್ನೂ ಒಟ್ಟಿಗೆ ಹಿಡಿದೆವು. ಹಿರಿಯರು ಬಹಳ ಹೊತ್ತು ನೋಡಿ, "ಕೆಂಪ ಬಂತು. ನೀಲಿ ನಮ್ಮದs, ಆದ್ರ ಒಂದ ಸಲ ಒಗದಂಗ ಕಾಣ್ತದ" ಎಂದರು. ನೀಲಿ ಅದಕ್ಕಿಂತ ಮುಂದೆ ಹೋಗುವುದಿಲ್ಲ, ಶಾಯಿಯ ಮಿತಿಯೇ ಅಷ್ಟು ಎಂದು ವಿವರಿಸಿದೆ. ಹಾಗಾದರೆ ಆ ಸೀರೆಯನ್ನು ಮುಖಪುಟಕ್ಕೆ ಹಾಕುವುದು ಬೇಡ, ಕೆಂಪು ಸೆರಗನ್ನೇ ಹಾಕು ಎಂದು ಅವರೇ ತೀರ್ಮಾನಿಸಿದರು.

ಮೊದಲ ಫಾರ್ಮ್ ಮತ್ತೆ ಅಚ್ಚು ಹಾಕಿಸುವ ಖರ್ಚಿನ ಬಗ್ಗೆ ಮಾತು ಇನ್ನೂ ನಡೆದಿದೆ. ಕಾಗದದ ಖರ್ಚು ನನ್ನದು, ಪ್ಲೇಟ್ ಮತ್ತು ಯಂತ್ರದ ಖರ್ಚು ಅವರದು ಎಂಬಲ್ಲಿಗೆ ಬಂದು ನಿಂತಿದೆ.

ಮದುವೆ ಆಲ್ಬಂ · ಬೆಳಿಗ್ಗೆ 10:20

ಪ್ರೊಫೈಲ್ ಇಲ್ಲದ ಫೈಲ್ ಕೊಟ್ಟವರು ನೀವು. ಕಾಗದ ಮಾತ್ರವಲ್ಲ, ಪೂರ್ತಿ ಖರ್ಚು ನಿಮ್ಮದೇ ಆಗಬೇಕಿತ್ತು, ಅವರು ದೊಡ್ಡ ಮನಸ್ಸು ಮಾಡಿದ್ದಾರೆ.

ಹಳೇ ಮಷಿನ್‌ಮ್ಯಾನ್ · ಬೆಳಿಗ್ಗೆ 10:33

ಲೇಸರ್ ಹಾಳೆಯನ್ನು ಪ್ರೂಫ್ ಎಂದು ತೋರಿಸಿ ಒಪ್ಪಿಗೆ ಪಡೆದವರು ಅವರು. ಪ್ರೊಫೈಲ್ ಇಲ್ಲದ ಫೈಲ್ ಬಂದಾಗ ಒಂದು ಫೋನ್ ಮಾಡುವುದು ಪ್ರಿ-ಪ್ರೆಸ್‌ನವರ ಕೆಲಸ. ನ್ಯಾಯ ಸರಿಯಾಗಿಯೇ ಹಂಚಿಕೆಯಾಗಿದೆ.

ಸೆರಗಿನಂಚು · ಬೆಳಿಗ್ಗೆ 10:41

ಕೊನೆಯದೊಂದು ಪ್ರಶ್ನೆ. ಮುಖಪುಟಕ್ಕೆ ಮ್ಯಾಟ್ ಲ್ಯಾಮಿನೇಶನ್ ಹಾಕಿಸೋಣ ಎನ್ನುತ್ತಿದ್ದಾರೆ, ಅದರಿಂದ ಕೆಂಪಿಗೆ ಏನಾದರೂ ಆಗುತ್ತದೆಯೇ?

ಹಳೇ ಮಷಿನ್‌ಮ್ಯಾನ್ · ಬೆಳಿಗ್ಗೆ 10:50

ಆಗುತ್ತದೆ. ಮ್ಯಾಟ್ ಹಾಳೆ ಬೆಳಕನ್ನು ಚದುರಿಸುವುದರಿಂದ ಗಾಢ ಬಣ್ಣದ ಮೇಲೆ ತೆಳು ಮಂಜು ಕುಳಿತಂತೆ ಕಾಣುತ್ತದೆ. ಹೊಳಪಿನ ಗ್ಲಾಸಿ ಹಾಳೆ ಹಾಕಿದರೆ ಕೆಂಪು ತುಂಬಿಕೊಂಡು ಕಾಣುತ್ತದೆ, ಆದರೆ ಬೆರಳಚ್ಚು ಮತ್ತು ಬೆಳಕಿನ ಪ್ರತಿಫಲನ ತಪ್ಪಿದ್ದಲ್ಲ. ಯಾವುದನ್ನು ಹಾಕಿಸುತ್ತೀರೋ ಅದರ ತುಂಡೊಂದನ್ನು ಮುಖಪುಟದ ಪ್ರೂಫಿನ ಅರ್ಧ ಭಾಗಕ್ಕೆ ಮಾತ್ರ ಅಂಟಿಸಿಕೊಡಲು ಹೇಳಿ, ಇಳಕಲ್ಲಿಗೆ ಒಯ್ದು ಅದೇ ಬಾಗಿಲಲ್ಲಿ ಹಿರಿಯರಿಗೆ ತೋರಿಸಿ, ಆಮೇಲೆ ಸಹಿ ಹಾಕಿ.